ಟಿಕ್ ಹಾಕಿದವರು ನಾವಲ್ಲ

ಮಾನ್ಯರೇ,

ಹಂಪನಕಟ್ಟೆಯಿಂದ ಮಣಿಪಾಲದವರೆಗೆ ಜೆರಾಕ್ಸ್ ಅಂಗಡಿ, ಸೈಬರ್, ಸೇವಾ ಕೇಂದ್ರಗಳಲ್ಲಿ ಒಂದೇ ಕಂಪ್ಯೂಟರಿನಲ್ಲಿ ದಿನವಿಡೀ ಹತ್ತಾರು ಜನರ ಕೆಲಸ ನಡೆಯುತ್ತದೆ. ಆರ್‌ಟಿಸಿ, ಸ್ಕಾಲರ್‌ಶಿಪ್ ಅರ್ಜಿ, ಪಿಎಫ್, ಎಲ್ಲವೂ ಅಲ್ಲೇ. ಅದರ ಬ್ರೌಸರ್ ಮಾತ್ರ ಇನ್‌ಸ್ಟಾಲ್ ಮಾಡಿದ ದಿನ ಹೇಗಿತ್ತೋ ಹಾಗೇ ಇರುವುದು ಹೆಚ್ಚು. ಅಂದರೆ ನಮ್ಮ ಮಾಹಿತಿಯನ್ನು ಕಂಪನಿಗೆ ಕಳಿಸುವ ಹಲವು ಸೆಟ್ಟಿಂಗ್‌ಗಳು ನಮ್ಮನ್ನು ಕೇಳದೆ ಆನ್ ಆಗಿಯೇ ಇರುತ್ತವೆ.

ಕ್ರೋಮ್‌ನ ಅಡ್ರೆಸ್ ಬಾರಿನಲ್ಲಿ ಒಂದು ಕಾಯಿಲೆಯ ಹೆಸರು ಟೈಪ್ ಮಾಡತೊಡಗಿ. ಎಂಟರ್ ಒತ್ತುವ ಮೊದಲೇ ಕೆಳಗೆ ಸಲಹೆಗಳು ಸಾಲಾಗಿ ಬರುತ್ತವೆ. ಒತ್ತಿದ ಅಕ್ಷರಗಳು ಆಗಲೇ ಸರ್ಚ್ ಕಂಪನಿಯ ಸರ್ವರಿಗೆ ಹೋಗಿರುವುದರಿಂದಲೇ ಅವುಗಳಲ್ಲಿ ಹೆಚ್ಚಿನವು ಬರುವುದು. ಮನಸ್ಸು ಬದಲಾಯಿಸಿ ಅಳಿಸಿದರೂ ಹೋದದ್ದು ಹೋಯಿತು. ಸೆಟ್ಟಿಂಗ್ಸ್‌ನ 'ಗೂಗಲ್ ಸರ್ವಿಸಸ್' ಭಾಗದಲ್ಲಿ 'ಇಂಪ್ರೂವ್ ಸರ್ಚ್ ಸಜೆಶನ್ಸ್' ಆಫ್ ಮಾಡಿದರೆ ಇದು ನಿಲ್ಲುತ್ತದೆ. ಪಕ್ಕದಲ್ಲೇ 'ಮೇಕ್ ಸರ್ಚಸ್ ಆ್ಯಂಡ್ ಬ್ರೌಸಿಂಗ್ ಬೆಟರ್' ಎಂಬುದಿದೆ. ಹೆಸರು ಕೇಳಿದರೆ ಉಪಕಾರದಂತಿದೆ, ಕಳಿಸುವುದು ನಾವು ತೆರೆದ ಪುಟಗಳ ವಿಳಾಸವನ್ನು. ಅದನ್ನೂ ಆಫ್ ಮಾಡಬೇಕು.

ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರಿನಲ್ಲಿ ಹುಡುಕಿ ಸುಸ್ತಾಗುವವರೇ ಹೆಚ್ಚು, ಏಕೆಂದರೆ ಮಾಹಿತಿ ಕಳಿಸುವ ಮುಖ್ಯ ಸ್ವಿಚ್ ಇರುವುದು ಬ್ರೌಸರಿನಲ್ಲಲ್ಲ, ವಿಂಡೋಸ್‌ನಲ್ಲಿ: ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಅದರೊಳಗೆ ಡಯಾಗ್ನಾಸ್ಟಿಕ್ಸ್ ಆ್ಯಂಡ್ ಫೀಡ್‌ಬ್ಯಾಕ್. 'ಆಪ್ಷನಲ್' ಎಂದಿರುವುದನ್ನಷ್ಟೇ ನಿಲ್ಲಿಸಬಹುದು. 'ರಿಕ್ವೈರ್ಡ್' ಎಂಬುದು ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಹೋಗುತ್ತಲೇ ಇರುತ್ತದೆ.

ಗೌಪ್ಯತೆಗೆ ಹೆಸರಾದ ಫೈರ್‌ಫಾಕ್ಸ್ ಕೂಡ 2024ರ ಜುಲೈಯಲ್ಲಿ 128ನೇ ಆವೃತ್ತಿಯೊಡನೆ ಜಾಹೀರಾತಿನ ಫಲ ಅಳೆಯುವ ಸೌಲಭ್ಯವನ್ನು ಬಳಕೆದಾರರನ್ನು ಕೇಳದೆ ಆನ್ ಮಾಡಿತ್ತು. ಆಸ್ಟ್ರಿಯಾದಲ್ಲಿ ದೂರು ದಾಖಲಾಯಿತು. ಬಳಿಕ ಅದನ್ನು ಕೈಬಿಟ್ಟರು. ತಾಂತ್ರಿಕ ಮಾಹಿತಿ ಕಳಿಸುವ ಟಿಕ್ ಇಂದಿಗೂ ಹಾಕಿಯೇ ಬರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಒಪ್ಪಿಗೆಯನ್ನು ವ್ಯಕ್ತಿಯೇ ಸ್ಪಷ್ಟವಾಗಿ, ತನ್ನ ಕ್ರಿಯೆಯಿಂದ ಸೂಚಿಸಬೇಕು. ಕಂಪನಿಯೇ ಹಾಕಿಟ್ಟ ಟಿಕ್ ಒಪ್ಪಿಗೆಯಾಗುವುದು ಹೇಗೆ? ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದರೂ ಈ ಭಾಗ ಜಾರಿಗೆ 18 ತಿಂಗಳ ಗಡುವಿದೆ.

ಅಲ್ಲಿಯವರೆಗೆ ಕಾಲೇಜು ಲ್ಯಾಬ್‌ಗಳೂ ಸೇವಾ ಕೇಂದ್ರಗಳೂ ಇವನ್ನೆಲ್ಲ ಗ್ರೂಪ್ ಪಾಲಿಸಿ (ಇಡೀ ಕಂಪ್ಯೂಟರಿಗೆ ಅನ್ವಯಿಸುವ ನಿಯಮ ಹಾಕುವ ವಿಂಡೋಸ್ ಸೌಲಭ್ಯ) ಮೂಲಕ ಬಂದ್ ಮಾಡುವಂತೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲಾಡಳಿತಗಳು ಸೂಚಿಸಲಿ. ಬರೇ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ ಸಾಲದು. ಅವುಗಳಲ್ಲಿ ಹೆಚ್ಚಿನವು ಬ್ರೌಸರಿನ ಆಯಾ ಬಳಕೆದಾರರ ಪ್ರೊಫೈಲಿಗೆ ಸೀಮಿತ, ಹೊಸ ಪ್ರೊಫೈಲ್ ತೆರೆದರೆ ಮತ್ತೆ ಮೊದಲಿನಂತೆ. ಪಾಸ್‌ವರ್ಡ್ ಉಳಿಸುವ ಸೌಲಭ್ಯ, ಬ್ರೌಸರ್ ಲಾಗಿನ್ ಎರಡನ್ನೂ ಪಾಲಿಸಿಯಲ್ಲೇ ತಡೆಯಬಹುದು. ಗ್ರಾಹಕರ ಕೆಲಸ ಗೆಸ್ಟ್ ವಿಂಡೋದಲ್ಲೇ ಆಗಲಿ. ಅದನ್ನು ಮುಚ್ಚಿದೊಡನೆ ಹಿಸ್ಟರಿ, ಕುಕೀಗಳು ಹೋಗುತ್ತವೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುವ ಆಧಾರ್ ಪಿಡಿಎಫ್ ಹೋಗುವುದಿಲ್ಲ, ಅದನ್ನು ಕೈಯಾರೆ ಅಳಿಸಬೇಕು, ರಿಸೈಕಲ್ ಬಿನ್‌ನಿಂದಲೂ.

– ಓದುಗ, ಕದ್ರಿ, ಮಂಗಳೂರು