ಡ್ಯಾಂ ಎಷ್ಟು ತುಂಬಿದೆ, ಮೊದಲು ಅದನ್ನು ಹೇಳು

ಪ್ರೀತಿಯ ತಮ್ಮ,

ನಿಮ್ಮ ವೆಬ್‌ಸೈಟಿಗೆ ಬರೆದು ನೀನು ಕಳುಹಿಸಿದ ಕೆಆರ್‌ಎಸ್ ಅಣೆಕಟ್ಟಿನ ಸುದ್ದಿ ಓದಿದೆ. ತಲೆಬರಹ 'ಭರ್ತಿಗೆ ಇನ್ನೆಷ್ಟು ಅಡಿ ಬಾಕಿ ಗೊತ್ತಾ? ಇಲ್ಲಿದೆ ಡೀಟೇಲ್ಸ್' ಅಂತ ಇದೆ. ಉತ್ತರ ಸಿಗುವುದು ಮಾತ್ರ ಆರನೇ ಪ್ಯಾರಾದಲ್ಲಿ. ಅಲ್ಲಿಯವರೆಗೆ ಕಾವೇರಿ ನಾಡಿನ ಜೀವನದಿ, ಕೊಡಗಿನಲ್ಲಿ ವರುಣನ ಆರ್ಭಟ, ಅಣೆಕಟ್ಟು ಕಟ್ಟಿದ ಕಥೆ. ಕಾವೇರಿ ಜೀವನದಿ ಅಂತ ಮಂಡ್ಯದ ರೈತನಿಗೆ ನೀನು ಹೇಳಿಕೊಡಬೇಕಾ? ನಾಲೆಗೆ ನೀರು ಬಿಡುತ್ತಾರಾ, ಭತ್ತದ ಒಟ್ಲು (ಸಸಿಮಡಿ) ಹಾಕಬಹುದಾ ಅಂತ ತಿಳಿಯಲು ಅವನು ಬಂದಿದ್ದಾನೆ.

ಸುದ್ದಿ ತಿದ್ದುವ ಡೆಸ್ಕಿನವರು ಕ್ಲಿಕ್ ಕೇಳುತ್ತಾರೆ ಅಂತ ನೀನು ಹೇಳುತ್ತೀಯ. ಕೇಳಲಿ. 'ಕೆಆರ್‌ಎಸ್ 118 ಅಡಿ, ಭರ್ತಿಗೆ ಇನ್ನು 6.80 ಅಡಿ' ಅಂತ ಹಾಕಿ ನೋಡು. ಸಂಖ್ಯೆ ನೋಡಿದವನಿಗೆ ತಕ್ಷಣ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಯಾವಾಗ ತುಂಬುತ್ತದೆ? ಅದಕ್ಕೆ ಉತ್ತರ ಬೇಕೆಂದೇ ಒಳಗೆ ಬರುತ್ತಾನೆ. 'ಗೊತ್ತಾ' ಅಂತ ಕರೆದು ಆರು ಪ್ಯಾರಾ ಅಲೆಸಿದರೆ ಇವತ್ತು ಬಂದವನು ನಾಳೆ ಬರುವುದಿಲ್ಲ.

ಈ ಅಡಿ ಲೆಕ್ಕದಲ್ಲೇ ದೊಡ್ಡ ಸುದ್ದಿ ಇದೆ, ಅದನ್ನು ನೀನು ಬಿಟ್ಟಿದ್ದೀಯ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ನೂರು ಅಡಿ ತುಂಬಿದೆ ಅಂದರೆ ಓದುಗ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರಿದೆ ಅಂದುಕೊಳ್ಳುತ್ತಾನೆ. ನಿಜಕ್ಕೂ ಆಗ ಅರ್ಧದಷ್ಟೂ ನೀರಿರುವುದಿಲ್ಲ. ಜಲಾಶಯ ಬಾಣಲೆಯ ಹಾಗೆ, ಮೇಲೆ ಹೋದಷ್ಟೂ ಅಗಲ. ಕೊನೆಯ ಒಂದು ಅಡಿ ಹಿಡಿಯುವಷ್ಟು ನೀರನ್ನು ತಳದ ಒಂದು ಅಡಿ ಹಿಡಿಯುವುದಿಲ್ಲ. ಅದಕ್ಕೇ ಅಡಿಯ ಪಕ್ಕದಲ್ಲಿ ಟಿಎಂಸಿಯನ್ನೂ ಬರೆ. ಕಳೆದ ವರ್ಷ ಇದೇ ದಿನ ಎಷ್ಟಿತ್ತು ಅನ್ನುವುದನ್ನೂ ಸೇರಿಸು. ಆ ಹೋಲಿಕೆ ಇಲ್ಲದೆ ಬರೀ 118 ಅಂದರೆ ಖುಷಿಪಡಬೇಕೋ ಹೆದರಬೇಕೋ ಯಾರಿಗೂ ಗೊತ್ತಾಗುವುದಿಲ್ಲ.

ಹಾಗೇ, 'ಪ್ರತಿ ಸೆಕೆಂಡಿಗೆ 30 ಸಾವಿರ ಕ್ಯೂಸೆಕ್' ಅಂತ ಬರೆದಿದ್ದೀಯ. ಕ್ಯೂಸೆಕ್ ಅಂದರೇ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಸೆಕೆಂಡನ್ನು ಎರಡು ಸಲ ಹೇಳಬೇಡ. (ಇದನ್ನು ದೊಡ್ಡ ದೊಡ್ಡವರೂ ಬರೆಯುತ್ತಾರೆ, ಸುಮ್ನೆ ನಕ್ಕು ಮುಂದೆ ಹೋಗು.) ಒಂದು ಲೆಕ್ಕ ನೆನಪಿಟ್ಟುಕೋ: ಹೆಚ್ಚೂಕಡಿಮೆ 11,500 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಹರಿವು 30 ಸಾವಿರ, ಹೊರಹರಿವು 7 ಸಾವಿರ ಇದ್ದರೆ ದಿನಕ್ಕೆ ಎರಡು ಟಿಎಂಸಿ ಏರುತ್ತದೆ. ಇಷ್ಟನ್ನು ಫೋನಿನಲ್ಲೇ ಲೆಕ್ಕ ಹಾಕಬಹುದು. ಆಗ 'ಮಳೆ ಹೀಗೇ ಇದ್ದರೆ ಇಂತಿಷ್ಟು ದಿನ' ಅಂತ ನೀನೇ ಹೇಳಬಲ್ಲೆ. 'ಶೀಘ್ರದಲ್ಲೇ ಭರ್ತಿಯಾಗುವ ಸಾಧ್ಯತೆ ಇದೆ ಎನ್ನಲಾಗಿದೆ' ಅಂತ ಬರೆಯುವ ಗತಿ ಬರುವುದಿಲ್ಲ.

ಆ 'ಎನ್ನಲಾಗಿದೆ' ಬಗ್ಗೆ ನನಗೆ ಸಿಟ್ಟಿದೆ. ಯಾರು ಅಂದರು? ಎಂಜಿನಿಯರ್ ಹೇಳಿದ್ದರೆ ಎಂಜಿನಿಯರ್ ಹೇಳಿದರು ಅನ್ನು. ನೀನೇ ಊಹಿಸಿದ್ದರೆ ಅಳಿಸಿಬಿಡು. 'ನೀರು ಬಿಡುಗಡೆಗೊಳಿಸಲಾಗಿದೆ' ಎಂಬುದೂ ಅಷ್ಟೇ. ಬಿಟ್ಟವರು ಯಾರು, ಯಾರ ಆದೇಶದ ಮೇಲೆ ಅನ್ನುವುದೇ ಕಾವೇರಿ ವಿಷಯದಲ್ಲಿ ಮುಖ್ಯ ಸುದ್ದಿ.

ಕೆಲವೊಮ್ಮೆ ಒಂದೊಂದು ಕ್ರಿಯಾಪದವೂ ಜನರ ಜೀವದ ವಿಷಯವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೇ ಕ್ರಸ್ಟ್ ಗೇಟಿನ (ಹೆಚ್ಚುವರಿ ನೀರನ್ನು ನದಿಗೆ ಬಿಡುವ ಗೇಟು) ಚೈನ್ ತುಂಡಾಯಿತು, ಗೇಟ್ ಕೊಚ್ಚಿಹೋಯಿತು. ಅಲ್ಲಿರುವುದು 33 ಗೇಟು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಟ್ಟರು. ಆ ಹೊತ್ತಿನಲ್ಲಿ 'ಗೇಟ್ ಕೊಚ್ಚಿಹೋಗಿದೆ' ಅನ್ನುವುದಕ್ಕೂ 'ಡ್ಯಾಂ ಒಡೆದಿದೆ' ಅನ್ನುವುದಕ್ಕೂ ಎಷ್ಟು ದೂರ ನೋಡು. ಎರಡನೆಯದನ್ನು ಓದಿದವರು ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಓಡುತ್ತಾರೆ. ನದಿದಂಡೆಯವರಿಗೆ ಬೇಕಾದ್ದು ಬೇರೆ: ಈಗ ಎಷ್ಟು ಕ್ಯೂಸೆಕ್ ಬರುತ್ತಿದೆ, ನಮ್ಮ ಊರಿಗೆ ಯಾವಾಗ ತಲುಪುತ್ತದೆ, ಕಂಪ್ಲಿ ಸೇತುವೆ ಮೇಲೆ ಓಡಾಡಬಹುದಾ, ಯಾರಿಗೆ ಫೋನ್ ಮಾಡಬೇಕು. 'ಜಲಪ್ರಳಯ', 'ರೌದ್ರನರ್ತನ' ಇವನ್ನೆಲ್ಲ ಟಿವಿಯವರಿಗೆ ಬಿಡು.

ವೆಬ್‌ನಲ್ಲಿ ಇನ್ನೊಂದು ತೊಂದರೆ. ಪತ್ರಿಕೆ ಮರುದಿನ ರದ್ದಿಗೆ ಹೋಗುತ್ತದೆ. ನಿನ್ನ ಬರಹ ಹೋಗುವುದಿಲ್ಲ. ಮುಂದಿನ ಜುಲೈನಲ್ಲಿ ಯಾರೋ ಹುಡುಕಿದಾಗ ಇದೇ ಸಿಗುತ್ತದೆ, 'ಇಂದು 30 ಸಾವಿರ ಕ್ಯೂಸೆಕ್' ಅಂತ ವಾಟ್ಸ್ಯಾಪ್‌ನಲ್ಲಿ ಸುತ್ತುತ್ತದೆ. ಹಾಗಾಗಿ ಮೊದಲ ಸಾಲಿನಲ್ಲೇ ತಾರೀಖು, ವರ್ಷ, ಎಷ್ಟು ಗಂಟೆಯ ಲೆಕ್ಕ ಅಂತ ಬರಲಿ. ಫೋಟೋಗೂ ಅದೇ ನಿಯಮ. ಗೇಟುಗಳಿಂದ ನೀರು ಧುಮ್ಮಿಕ್ಕುವ ಹಳೆಯ ಚಿತ್ರ ಹಾಕಿದರೆ ಸಂಗ್ರಹ ಚಿತ್ರ ಅಂತ ಬರೆ. ಅದನ್ನು ನಂಬಿ ಭಾನುವಾರ ಹೆಂಡತಿ ಮಕ್ಕಳೊಂದಿಗೆ ಕಾರು ಹತ್ತುವವರಿದ್ದಾರೆ.

ಪ್ರಕಟಿಸಿದ ಮೇಲೆ ಸಂಖ್ಯೆ ತಪ್ಪಿದೆ ಅಂತ ಗೊತ್ತಾದರೆ ಗುಟ್ಟಾಗಿ ಬದಲಿಸಬೇಡ. ಎಷ್ಟು ಗಂಟೆಗೆ, ಏನನ್ನು ತಿದ್ದಿದೆ ಅಂತ ಕೆಳಗೆ ಒಂದು ಸಾಲು ಹಾಕು. ಡೆಸ್ಕಿನವರು ಒಪ್ಪದಿದ್ದರೆ ನನ್ನ ಹೆಸರು ಹೇಳಿ ಜಗಳವಾಡು, ಅಡ್ಡಿಯಿಲ್ಲ.

ಇತಿ ನಿನ್ನ
ಅಣ್ಣ