ವೆನಿಸ್ ನೋಡಲು ಅರ್ಧ ದಿನ ಸಾಲದು

ಮಾನ್ಯರೇ,

ಬೇಲೂರು, ಹಳೇಬೀಡುಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಹೊರಡುವ ಪ್ರವಾಸಿಗರನ್ನು ಕಂಡು ಮರುಗುವ ಹಾಸನದ ನಾವೇ, ಯುರೋಪಿನ ಪ್ಯಾಕೇಜ್ ಪ್ರವಾಸಕ್ಕೆ ಹೋದಾಗ ಕಾಲುವೆಗಳ ನಗರವಾದ ವೆನಿಸನ್ನು ನಾಲ್ಕೈದು ಗಂಟೆಗಳಲ್ಲಿ ನೋಡಿ ಬರುತ್ತಿದ್ದೇವೆ. ಅಲ್ಲಿ ಎರಡು ರಾತ್ರಿ ತಂಗಿದ್ದ ಅನುಭವದಿಂದ, ಹೊರಡುವವರಿಗೆ ಕೆಲವು ಮಾತುಗಳನ್ನು ತಿಳಿಸಬಯಸುತ್ತೇನೆ.

ಹಳೆಯ ನಗರದೊಳಗೆ ಮೋಟಾರು ವಾಹನಗಳಿಲ್ಲ. ಅಲ್ಲಿರುವ 400ಕ್ಕೂ ಹೆಚ್ಚು ಸೇತುವೆಗಳಲ್ಲಿ ಬಹುತೇಕವುಗಳಿಗೆ ಮೆಟ್ಟಿಲುಗಳಿರುವುದರಿಂದ, ಚಕ್ರವಿದ್ದರೂ ದೊಡ್ಡ ಸೂಟ್‌ಕೇಸನ್ನು ಹೊತ್ತೇ ದಾಟಬೇಕಾಗುತ್ತದೆ. ಚಕ್ಕುಲಿ, ಕೋಡುಬಳೆಗಳ ಡಬ್ಬ ತುಂಬುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಗೊಂಡೋಲಾ ಎಂಬ ದೋಣಿಗೆ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ ಎಂದು 2023ರ ಕೊನೆಯಲ್ಲಿ ಅಧಿಕೃತ ದರ ನಿಗದಿಯಾಗಿದ್ದು, ಅದು ತಲೆಗಲ್ಲ, ಇಡೀ ದೋಣಿಗೆ. ಅಷ್ಟು ಖರ್ಚು ಬೇಡವೆನ್ನುವವರು, ರೈಲು ನಿಲ್ದಾಣದ ಮುಂದೆಯೇ ಸಿಗುವ 1ನೇ ಸಂಖ್ಯೆಯ ಸಾರ್ವಜನಿಕ ದೋಣಿಯನ್ನು ಬೆಳಗಿನ ಜಾವದಲ್ಲಿ ಹತ್ತಿದರೆ, 1591ರಲ್ಲಿ ಪೂರ್ಣಗೊಂಡ ರಿಯಾಲ್ಟೊ ಸೇತುವೆಯ ಕೆಳಗೆ ಹಾಯ್ದು, ದೊಡ್ಡ ಕಾಲುವೆಯುದ್ದಕ್ಕೂ ಅರಮನೆಗಳನ್ನು ನೋಡುತ್ತಾ ಸೇಂಟ್ ಮಾರ್ಕ್ ಚೌಕವನ್ನು ತಲುಪಬಹುದು. ನನ್ನ ಮಟ್ಟಿಗೆ ಗೊಂಡೋಲಾಗಿಂತ ಇದೇ ಹಿತವಾಗಿತ್ತು.

2024ರಿಂದ ಕೆಲವು ನಿಗದಿತ ದಿನಗಳಂದು ಹಗಲು ಮಾತ್ರ ಬಂದುಹೋಗುವವರಿಗೆ ಪ್ರವೇಶ ಶುಲ್ಕವಿದ್ದು, ನಗರದ ವಸತಿಗೃಹಗಳಲ್ಲಿ ತಂಗುವವರಿಗೆ ಅದರಿಂದ ವಿನಾಯಿತಿಯುಂಟು. ಅಕ್ಟೋಬರ್‌ನಿಂದ ಜನವರಿಯವರೆಗೆ ಉಬ್ಬರದ ನೀರು ಬೀದಿಗೇರುವ ಸಂಭವ ಹೆಚ್ಚು. 2020ರಿಂದ ತಡೆಗೇಟುಗಳು ಬಳಕೆಯಲ್ಲಿದ್ದರೂ ಆ ದಿನಗಳಲ್ಲಿ ನೀರಿಗೆ ಹೆದರದ ಪಾದರಕ್ಷೆ ಜೊತೆಗಿರಲಿ.

– ನಿವೃತ್ತ ಅಧ್ಯಾಪಕ, ಹಾಸನ