ಕಡತದೊಳಗಿನ ಪದ ಹುಡುಕುವುದನ್ನೂ ಕಲಿಸಲಿ

ಮಾನ್ಯ ಸಂಪಾದಕರೆ,

ಕಂಪ್ಯೂಟರ್ ತರಬೇತಿಯೆಂದರೆ ಬೆರಳಚ್ಚು ಎಂಬ ಭಾವನೆ ಉಳಿದಿರುವುದರಿಂದ, ನೂರಾರು ಕಡತಗಳಲ್ಲಿ ಒಂದು ಹೆಸರನ್ನು ಹುಡುಕಲು ಒಂದೊಂದನ್ನೇ ತೆರೆದು ನೋಡುವವರು ಇಂದಿಗೂ ಇದ್ದಾರೆ. ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ 1970ರ ದಶಕದಲ್ಲೇ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದ ‘ಗ್ರೆಪ್’ ಆದೇಶ (ಕಮಾಂಡ್) ಈ ಕೆಲಸವನ್ನು ಕ್ಷಣಾರ್ಧದಲ್ಲಿ ಮುಗಿಸುತ್ತದೆ. ಯುನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಅದಕ್ಕೆ ‘ಆರ್’ ಆಯ್ಕೆ ಕೊಟ್ಟರೆ ಒಳಗಿನ ಫೋಲ್ಡರುಗಳನ್ನೂ ಜಾಲಾಡುತ್ತದೆ. ‘ಇನ್‌ಕ್ಲೂಡ್’ ಆಯ್ಕೆಯಲ್ಲಿ ಹೆಸರಿನ ಮಾದರಿ ಸೂಚಿಸಿದರೆ ಅದಕ್ಕೆ ಹೊಂದುವ ಕಡತಗಳನ್ನಷ್ಟೇ ನೋಡುತ್ತದೆ. ಹೆಸರಿನಿಂದ ಕಡತಗಳನ್ನು ಹುಡುಕುವ ‘ಫೈಂಡ್’ ಆದೇಶವನ್ನು ಬಳಸುವವರು ನಕ್ಷತ್ರ ಚಿಹ್ನೆಯುಳ್ಳ (ಅದರ ಜಾಗದಲ್ಲಿ ಯಾವ ಅಕ್ಷರಗಳಿದ್ದರೂ ಸರಿ ಎಂಬ) ಮಾದರಿಯನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ, ಆದೇಶಗಳನ್ನು ಓದಿ ನಡೆಸುವ ‘ಶೆಲ್’ ತಂತ್ರಾಂಶ ಸದ್ಯದ ಫೋಲ್ಡರಿನ ಹೆಸರುಗಳನ್ನೇ ಅಲ್ಲಿ ತುಂಬಿಬಿಡುವುದರಿಂದ ಹುಡುಕಾಟ ದಾರಿ ತಪ್ಪುತ್ತದೆ. ನಾನೂ ಹೀಗೆ ಒಂದು ಮಧ್ಯಾಹ್ನ ಕಳೆದುಕೊಂಡವನೇ.

ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತದಲ್ಲಿ ಕಣ್ಣಿಗೆ ‘ಕೆರೆ’ ಎಂದು ಕಂಡರೂ, ಒಳಗೆ ಉಳಿದಿರುವ ಸಂಕೇತಗಳು, ಎಲ್ಲ ಭಾಷೆಗಳ ಅಕ್ಷರಗಳಿಗೂ ಏಕರೂಪದ ಸಂಕೇತ ಕೊಡುವ ಯುನಿಕೋಡ್‌ನ ಕನ್ನಡದವಲ್ಲವಾದ್ದರಿಂದ, ಯುನಿಕೋಡಿನಲ್ಲಿ ‘ಕೆರೆ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ವರ್ಡ್‌ನ ಡಾಕ್ಸ್ ಕಡತಗಳಂತೂ ಅಡಕಗೊಂಡ ಗಂಟುಗಳು. ಅವನ್ನು ಬಿಚ್ಚಿ ಸರಳ ಪಠ್ಯವಾಗಿಸದೆ ಗ್ರೆಪ್ ಓದಲಾರದು. ಯುನಿಕೋಡಿನಲ್ಲಿಯೂ ‘ಕೊ’ ಎಂಬುದನ್ನು ಎರಡು ಬಗೆಯಲ್ಲಿ ಸಂಕೇತಿಸಬಹುದು, ಗ್ರೆಪ್ ಅವನ್ನು ಒಂದೆಂದು ಎಣಿಸುವುದಿಲ್ಲ.

ಆದ್ದರಿಂದ ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವುದರ ಜೊತೆಗೆ, ಈ ಎರಡು ಆದೇಶಗಳನ್ನು ಪದವಿಪೂರ್ವ ಹಂತದ ಗಣಕ ವಿಜ್ಞಾನದ ಪ್ರಾಯೋಗಿಕ ತರಗತಿಗಳಲ್ಲಿ ಕನ್ನಡದ ಪಠ್ಯವನ್ನೇ ಬಳಸಿ ಕಲಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಧಾರವಾಡ